ಈ ಸಲ ಊರಿಗೆ ಹೋದಾಗ ಮಕ್ಕಳ ಕೈಗೆ ಉಳಿ ಕೊಡಿ

ಡಿಸೆಂಬರ್ ರಜೆ ಬಂತು. ಮೆಲ್ಬರ್ನಿನ ನಮ್ಮ ಸಂಘದಲ್ಲಿ ಹಾಸನ, ಚಿಕ್ಕಮಗಳೂರು ಕಡೆಯವರು ಜಾಸ್ತಿ. ಊರಿಗೆ ಹೋದವರು ಬೇಲೂರು, ಹಳೇಬೀಡಿಗೆ ಹೋಗದೆ ಬರುವುದಿಲ್ಲ. ಈ ಸಲ ಮಕ್ಕಳಿಗೆ ಸುಮ್ನೆ ತೋರಿಸಿಕೊಂಡು ಬರಬೇಡಿ. ಆಗಿನವರು ಮಾಡುತ್ತಿದ್ದ ಕೆಲಸವನ್ನು ಒಂದು ಗಂಟೆಯಾದರೂ ಅವರ ಕೈಯಲ್ಲಿ ಮಾಡಿಸಿ.

ಬ್ಯಾಲರಾಟ್‌ನ ಸಾವರಿನ್ ಹಿಲ್ ನಿಮಗೆಲ್ಲ ಗೊತ್ತು. 1851ರಲ್ಲಿ ಚಿನ್ನ ಸಿಕ್ಕಾಗಿನ ಊರನ್ನು ಮತ್ತೆ ಕಟ್ಟಿ, 1970ರಿಂದ ಜನರಿಗೆ ತೆರೆದಿಟ್ಟಿದ್ದಾರೆ. ಮಕ್ಕಳು ತಣ್ಣೀರಿನ ಹಳ್ಳದಲ್ಲಿ ಬಗ್ಗಿ, ತಟ್ಟೆಯಲ್ಲಿ ಮರಳು ತೊಳೆದು ಚಿನ್ನದ ಚೂರು ಹುಡುಕುತ್ತಾರೆ. ಬೆನ್ನು ನೋಯುತ್ತದೆ, ಬೆರಳು ಮರಗಟ್ಟುತ್ತದೆ. ಹಾಗಾಗಿ ಆ ಕಥೆ ಅವರಿಗೆ ಬಾಯಿಪಾಠ. ಹೊಯ್ಸಳರ ಬಗ್ಗೆ ಕೇಳಿ ನೋಡಿ, ಹುಲಿ ಹೊಡೆದ ಸಳನನ್ನು ಬಿಟ್ಟರೆ ಬೇರೇನೂ ಬರುವುದಿಲ್ಲ.

ನಮ್ಮಲ್ಲೂ ಇತಿಹಾಸ ಆಡಿಸುತ್ತೇವೆ, ಇಲ್ಲ ಅಂತಲ್ಲ. ವಿಷ್ಣುವರ್ಧನನಿಗೆ ಕಿರೀಟ, ಶಾಂತಲೆಗೆ ಬಾಡಿಗೆ ಒಡವೆ, ಎರಡು ಡೈಲಾಗು. ರಾಜ್ಯೋತ್ಸವಕ್ಕೆ ಅದು ಚೆಂದ. ಆದರೆ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯನ್ನು ಕೆತ್ತಿದವರು ಬೇರೆಯವರು, ಅಲ್ವಾ? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಟ್ಟು ಹೋಗಿದ್ದಾರೆ. ಮಕ್ಕಳು ಆಗಬೇಕಾದ್ದು ಆ ಚಾವಣ.

ಅದಕ್ಕೆ ಬಳಪದ ಕಲ್ಲಿನ ಒಂದು ತುಂಡು, ಒಂದು ಸಣ್ಣ ಉಳಿ ಸಾಕು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು ಅದು. ಬೇಲೂರಿನ ಗುಡಿ ಕೆತ್ತಿದ್ದೂ ಈ ಕಲ್ಲಿನಲ್ಲೇ. ಹೋದ ಸಲ ನಮ್ಮ ಅಕ್ಕನ ಮಗಳು ಹಾಸನದ ಮನೆ ಜಗಲಿಯಲ್ಲಿ ಬೆಳಗ್ಗೆಯೆಲ್ಲ ಕೂತು, ಕೆರೆದು, ಉಜ್ಜಿ, ಬಟ್ಟೆಯೆಲ್ಲ ಬಿಳಿ ಪುಡಿ ಮಾಡಿಕೊಂಡು ಒಂದು ಎಲೆ ಮೂಡಿಸಿದಳು. ಕೊನೆಯಲ್ಲಿ ಎಲೆಯ ತುದಿ ಮುರಿದೇ ಹೋಯಿತು. ಮಾರನೇ ದಿನ ಬೇಲೂರಿನಲ್ಲಿ ಮದನಿಕೆಯ ತಲೆ ಮೇಲೆ ಕಮಾನಾಗಿ ಹಬ್ಬಿದ ಬಳ್ಳಿಯನ್ನು ಕತ್ತೆತ್ತಿ ನೋಡುತ್ತಾ ನಿಂತವಳು, "ಚಿಕ್ಕಮ್ಮಾ, ಇದು ಮುರೀಲೇ ಇಲ್ವಾ?" ಅಂದಳು. ಗೈಡ್ ಮಾತು ಕೇಳಿ ಯಾವ ಮಗುವೂ ಇಂಥ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಗೂ ವೇಷ ಬೇಕಿಲ್ಲ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮೊದಲು ಮನೆ ಹತ್ತಿರದ ಬಯಲಲ್ಲಿ ಸುಣ್ಣದಿಂದ ಆ ನಕ್ಷತ್ರ ಬರೆಯಿರಿ. ಮೂಲೆಗೊಬ್ಬ ಕಾವಲುಗಾರ, ಒಬ್ಬ ಶತ್ರು. ಶತ್ರು ಎಲ್ಲಿಂದ ನುಸುಳಿ ಬಂದರೂ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಾನೆ, ಯಾಕೆಂದರೆ ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡ ಕಾಣುತ್ತದೆ. ಆಡಿದ ಮೇಲೆ ಕೋಟೆಗೆ ಕರೆದುಕೊಂಡು ಹೋಗಿ. ಅಲ್ಲಿ ಮಾತ್ರ ಗೋಡೆಯ ಅಂಚಿಗೆ ಯಾರನ್ನೂ ಬಿಡಬೇಡಿ.

ಎಲ್ಲವನ್ನೂ ಆಡಿಸಬಾರದು ಅನ್ನುವುದೂ ನನ್ನ ಅಭಿಪ್ರಾಯ. ಹಳೇಬೀಡಿನ ಹೊಯ್ಸಳೇಶ್ವರದ ಆವರಣದಲ್ಲಿ ಕುವರ ಲಕ್ಷ್ಮನ ಕಂಬವಿದೆ. ಹೊಯ್ಸಳ ದೊರೆ ಎರಡನೇ ಬಲ್ಲಾಳ ಸತ್ತಾಗ, ಕೊಟ್ಟ ಮಾತಿನಂತೆ ಹೆಂಡತಿ ಮತ್ತು ಸಂಗಡಿಗರ ಜೊತೆ ಪ್ರಾಣ ಬಿಟ್ಟ ದಂಡನಾಯಕ ಅವನು. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರ ಚಿತ್ರ ಆ ಕಂಬದ ಮೇಲಿದೆ. ಅದನ್ನು ಆಟ ಮಾಡಬೇಡಿ. ಕಂಬದ ಮುಂದೆ ನಿಂತು ಕಥೆ ಹೇಳಿ, ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಡಿ, ಅಷ್ಟು ಸಾಕು. ಹಾಗೇ ಗುಡಿಯೊಳಗೆ ಉಳಿ, ವೇಷ, ಮೈಕು ಯಾವುದೂ ಬೇಡ. ಬೇಲೂರಿನಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಆಟವೆಲ್ಲ ಜಗಲಿಯಲ್ಲಿ, ಬಯಲಲ್ಲಿ ಇರಲಿ, ಊರಿನ ಅಕ್ಕತಂಗಿ, ಅಣ್ಣತಮ್ಮಂದಿರ ಮಕ್ಕಳನ್ನೂ ಸೇರಿಸಿಕೊಳ್ಳಿ.

ವಾಪಸ್ ಬಂದ ಮೇಲೆ ನಿಮ್ಮ ಮಕ್ಕಳು ಅಲ್ಲಿ ಕೇಳಿದ ಪ್ರಶ್ನೆಗಳನ್ನು ಬರೆದು ಕಳಿಸಿ. ಫೋಟೋ ಬೇಡ, ಪ್ರಶ್ನೆ ಸಾಕು. ಫೆಬ್ರವರಿ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.