ಸೋಲಾರ್ ಕೊಟೇಶನ್‌ಗೆ ಮುಂಚೆ ಇನ್ನು ಲೈನ್ ನೋಡುತ್ತೇವೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಇಷ್ಟು ದಿನ ನೀವು ಕರೆಂಟ್ ಬಿಲ್ಲಿನ ಫೋಟೊ ವಾಟ್ಸಾಪ್ ಮಾಡುತ್ತಿದ್ದಿರಿ, ನಾವು ಸಂಜೆಯೊಳಗೆ ಇಷ್ಟು ಕಿಲೋವ್ಯಾಟ್, ಇಷ್ಟು ರೇಟು ಅಂತ ಬರೆದು ಕಳಿಸುತ್ತಿದ್ದೆವು. ಬರುವ ತಿಂಗಳ 1ನೇ ತಾರೀಕಿನಿಂದ ಹಾಗೆ ಕೊಡುವುದಿಲ್ಲ. ಮೊದಲು ನಿಮ್ಮ ಮನೆಗೆ ಬರುವ ಲೈನ್ ನೋಡುತ್ತೇವೆ, ಆಮೇಲೆ ಕೊಟೇಶನ್. ಇದಕ್ಕೆ ಹತ್ತು ದಿನ ಹಿಡಿಯುತ್ತದೆ. ಬೇರೆ ದುಡ್ಡು ಕೇಳುವುದಿಲ್ಲ. ಕೆಲವರಿಗೆ, ನೀವು ಕೇಳಿದ್ದಕ್ಕಿಂತ ಚಿಕ್ಕದು ಸಾಕು ಅಂತಲೂ ಹೇಳುತ್ತೇವೆ. ಮಾರುವವರೇ ಕಮ್ಮಿ ತಗೊಳ್ಳಿ ಅಂದರೆ ವಿಚಿತ್ರ ಅನ್ನಿಸುತ್ತೆ, ಅಲ್ವಾ?

ವಿಷಯ ಇರುವುದು ತಂತಿಯಲ್ಲಿ. ಟಿಸಿಯಿಂದ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನಿಂದ, ಬೀದಿಗೆ ಬರುವ ತಂತಿಯಲ್ಲಿ ದಪ್ಪದ್ದಕ್ಕೆ ಲೈನ್‌ಮ್ಯಾನ್‌ಗಳು ರ್‍ಯಾಬಿಟ್ ಅಂತಾರೆ, ಅದಕ್ಕಿಂತ ಸಣ್ಣದ್ದು ವೀಸೆಲ್. ರ್‍ಯಾಬಿಟ್ ತಂತಿಯ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 0.54 ಓಮ್. ಟಿಸಿಯಿಂದ ಒಂದು ಕಿಲೋಮೀಟರ್ ದೂರದ ಮನೆ ಅಂದುಕೊಳ್ಳಿ. ಫೇಸು, ನ್ಯೂಟ್ರಲ್ಲು ಎರಡೂ ಸೇರಿ 1 ಓಮ್‌ಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಆ ಲೈನಿನ ಕೊನೆಯಲ್ಲಿ 20 ಆಂಪಿಯರ್ ಎಳೆದರೆ ದಾರಿಯಲ್ಲೇ 20 ವೋಲ್ಟಿಗಿಂತ ಜಾಸ್ತಿ ಇಳಿಯುತ್ತದೆ. 400 ವ್ಯಾಟಿಗೂ ಹೆಚ್ಚು ಕರೆಂಟು ಸುಮ್ನೆ ತಂತಿ ಬಿಸಿ ಮಾಡಿ ಹೋಗುತ್ತದೆ. ಸಂಜೆ ಏಳಕ್ಕೆ ಕೊನೆಯ ಮನೆಯ ಫ್ಯಾನು ನಿಧಾನಕ್ಕೆ ತಿರುಗುವುದು ಇದಕ್ಕೇ.

ಈಗ ಆ ಕೊನೆಯ ಮನೆಯ ತಾರಸಿ ಮೇಲೆ ಸೋಲಾರ್ ಇದೆ, ಹಗಲು ಹೊತ್ತು ಅಲ್ಲಿಂದಲೇ 10 ಆಂಪಿಯರ್ ಸಿಗುತ್ತಿದೆ ಅನ್ನಿ. ಟಿಸಿಯಿಂದ ಬರಬೇಕಾದ್ದು ಇನ್ನು 10 ಆಂಪಿಯರ್ ಮಾತ್ರ. ನಷ್ಟ ಅರ್ಧಕ್ಕೆ ಇಳಿಯುತ್ತೆ ಅಂದುಕೊಳ್ಳುತ್ತೀರಿ, ಆದರೆ ಆಂಪಿಯರೂ ಅರ್ಧ, ದಾರಿಯಲ್ಲಿ ಇಳಿಯುವ ವೋಲ್ಟೂ ಅರ್ಧ ಆಗುವುದರಿಂದ ಅದು ಕಾಲು ಭಾಗಕ್ಕೇ ಇಳಿದುಬಿಡುತ್ತದೆ, ಸುಮಾರು 100 ವ್ಯಾಟಿಗೆ. ಟಿಸಿ ಬುಡದಲ್ಲೇ ಇರುವ ಮನೆಗೆ ಅಷ್ಟೇ ಪ್ಯಾನೆಲ್ ಹಾಕಿದರೆ ಈ ಉದ್ದ ತಂತಿಗೆ ಏನೂ ಉಪಯೋಗವಿಲ್ಲ. ಅದಕ್ಕೇ ಎಷ್ಟು ಕಿಲೋವ್ಯಾಟ್ ಅನ್ನುವ ಮೊದಲು ಎಲ್ಲಿ ಅಂತ ಕೇಳಬೇಕು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಆ ಕರೆಂಟು ದೊಡ್ಡ ಲೈನ್ ಹಿಡಿದು ಎಲ್ಲೆಲ್ಲಿಗೋ ಹೋಗುತ್ತದೆ, ಸಂತೋಷ. ನಿಮ್ಮ ಬೀದಿಯ ಕೊನೆಯ ನಾಲ್ಕು ಕಂಬದ ನಷ್ಟ ಅದರಿಂದ ಕಮ್ಮಿಯಾಗುವುದಿಲ್ಲ.

ಇದರ ಇನ್ನೊಂದು ಮುಖವೇ ನಮ್ಮನ್ನು ಈ ಬದಲಾವಣೆಗೆ ತಂದಿದ್ದು. ಅದೇ ಕೊನೆಯಲ್ಲಿ ನಾಲ್ಕು ಮನೆಯವರು ಸೇರಿ 30 ಆಂಪಿಯರಿನಷ್ಟು ಸೋಲಾರ್ ಹಾಕಿಸಿದರು, ಮಧ್ಯಾಹ್ನ ಅಲ್ಲಿ ಬೇಕಾದ್ದು 10 ಆಂಪಿಯರ್ ಮಾತ್ರ ಅಂತಿಟ್ಟುಕೊಳ್ಳಿ. ಉಳಿದ 20 ಆಂಪಿಯರ್ ವಾಪಸ್ ಟಿಸಿ ಕಡೆ ಹರಿಯುತ್ತದೆ. ತಂತಿಗೆ ಹೋಗೋದೂ ಒಂದೇ, ಬರೋದೂ ಒಂದೇ. ಮೊದಲಿನ 400 ವ್ಯಾಟ್ ನಷ್ಟ ಮತ್ತೆ ಹಾಜರ್. ಜೊತೆಗೆ ವೋಲ್ಟೇಜ್ ಈ ಸಲ ಮೇಲಕ್ಕೆ ಹೋಗುತ್ತದೆ. ಟಿಸಿ ಹತ್ತಿರ 240 ಇದ್ದರೆ ಕೊನೆಯಲ್ಲಿ 260 ದಾಟುತ್ತದೆ. ಪ್ಯಾನೆಲ್ಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ 230 ವೋಲ್ಟಿನ ಇನ್ವರ್ಟರ್ ಸಾಮಾನ್ಯವಾಗಿ ಅದರ ಮೇಲೆ ನೂರಕ್ಕೆ ಹತ್ತು, ಅಂದರೆ 253 ದಾಟಿದರೆ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಆನ್, ಮತ್ತೆ ಆಫ್. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲೇ ಯೂನಿಟ್ ಕಳೆದುಕೊಳ್ಳುತ್ತೀರಿ. ಆಮೇಲೆ ನಮಗೆ ಫೋನು, ಪ್ಯಾನೆಲ್ ಸರಿಯಿಲ್ಲ ಅಂತ. ಪ್ಯಾನೆಲ್ ಸರಿಯಾಗೇ ಇರುತ್ತದೆ.

2024ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಮನೆ ಮೇಲಿನ ಸೋಲಾರ್ 10 ಕಿಲೋವ್ಯಾಟ್‌ವರೆಗೆ ಇದ್ದರೆ ಲೈನ್ ತಡೆಯುತ್ತದೋ ಇಲ್ಲವೋ ಅನ್ನುವ ಪರೀಕ್ಷೆ ಬೇಡ, ಸರಿಯಾಗಿ ತುಂಬಿದ ಅರ್ಜಿ ಒಪ್ಪಿಗೆಯಾದಂತೆ. ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ಈಗ ನಿಮ್ಮ ಮನೆಯ ಅರ್ಜಿಗೆ ಲೈನ್ ನೋಡಲೇಬೇಕು ಅನ್ನುವವರು ಯಾರೂ ಇಲ್ಲ. ಹಾಗಾಗಿ ನಾವೇ ನೋಡೋಣ ಅಂತ.

ನೋಡುವುದು ಅಂದರೆ ಇಷ್ಟು. ನಮ್ಮ ಹುಡುಗ ಬಂದು ಟಿಸಿಯಿಂದ ನಿಮ್ಮ ಮನೆಗೆ ಎಷ್ಟು ಕಂಬ ಅಂತ ಎಣಿಸುತ್ತಾನೆ, ತಂತಿ ಯಾವುದು ಅಂತ ಬರೆದುಕೊಳ್ಳುತ್ತಾನೆ. ಟಿಸಿಯ ಸಾಮರ್ಥ್ಯ 25 ಕೆವಿಎನೋ, 63ಓ, 100ಓ ನೋಡುತ್ತಾನೆ. ನಿಮ್ಮ ಫೇಸಿನಲ್ಲಿ ಈಗಾಗಲೇ ಯಾರ್‍ಯಾರ ಮನೆಯ ಸೋಲಾರ್ ಇದೆ ಅಂತ ವಿಚಾರಿಸುತ್ತಾನೆ. ಮೀಟರ್ ಬೋರ್ಡಿನ ಪಕ್ಕ ಒಂದು ಸಣ್ಣ ಡಬ್ಬಿ ಇಟ್ಟು ಹೋಗುತ್ತಾನೆ. ಅದು ಒಂದು ವಾರ ಹಗಲೂ ರಾತ್ರಿ ವೋಲ್ಟೇಜ್ ಬರೆದುಕೊಳ್ಳುತ್ತದೆ. ದಯವಿಟ್ಟು ಮಕ್ಕಳು ಅದರ ಪಿನ್ನು ಕೀಳದ ಹಾಗೆ ನೋಡಿಕೊಳ್ಳಿ. ಮಧ್ಯಾಹ್ನವೇ 248, 250 ತೋರಿಸುತ್ತಿದ್ದರೆ 5 ಕಿಲೋವ್ಯಾಟ್ ಬದಲು 3 ಹಾಕಿಸಿ ಅಂತೀವಿ, ಇಲ್ಲವೇ ಬೇರೆ ಫೇಸಿಗೆ ಬದಲಿಸಿಕೊಡಲು ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಬರೆದುಕೊಡುತ್ತೇವೆ. ಪಿಎಂ ಸೂರ್ಯ ಘರ್ ಸಬ್ಸಿಡಿಯೂ 3 ಕಿಲೋವ್ಯಾಟಿಗೆ 78,000 ರೂಪಾಯಿ ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ. ಅದರ ಮೇಲಿನದ್ದೆಲ್ಲ ನಿಮ್ಮ ಕೈಯಿಂದಲೇ.

ಹಿಟ್ಟಿನ ಮಿಲ್, ಎಣ್ಣೆ ಗಾಣ ಇಟ್ಟಿರುವವರಿಗೆ ಈ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ. ನಿಮ್ಮ ಮೋಟರ್ ಓಡುವುದೇ ಹಗಲು, ಲೈನಿನ ಕೊನೆಯಲ್ಲಿದ್ದರಂತೂ ದೊಡ್ಡದೇ ಹಾಕಿಸಿ. ಆದರೆ ಮೋಟರಿಗೆ ಕೆಪಾಸಿಟರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿಕೊಳ್ಳಿ. ಮೋಟರ್ ತನ್ನೊಳಗಿನ ಅಯಸ್ಕಾಂತಕ್ಕೆಂದು ಲೈನಿನಿಂದ ಎಳೆಯುವ ರಿಯಾಕ್ಟಿವ್ ಕರೆಂಟನ್ನು ಕೆಪಾಸಿಟರ್ ಇದ್ದರೆ ಅದೇ ಅಲ್ಲಿ ಕೊಡುತ್ತದೆ, ಮಾಮೂಲಿ ಸೆಟ್ಟಿಂಗಿನ ಸೋಲಾರ್ ಇನ್ವರ್ಟರ್ ಕೊಡುವುದಿಲ್ಲ. ಕೆಪಾಸಿಟರ್ ಇಲ್ಲದಿದ್ದರೆ ಆ ಕರೆಂಟು ಟಿಸಿಯಿಂದಲೇ ಬಂದು ತಂತಿ ಬಿಸಿ ಮಾಡುತ್ತಿರುತ್ತದೆ.

ಲೈನಿನ ನಷ್ಟ ನಮ್ಮ ಮೀಟರಿಗೆ ಬರಲ್ಲವಲ್ಲ, ನಮಗ್ಯಾಕೆ ಅಂತ ಒಬ್ಬರು ಅಂಗಡಿಯಲ್ಲಿ ಕೇಳಿದರು. ನಿಜ, ಮೀಟರಿಗೆ ಬರುವುದಿಲ್ಲ. ಯೂನಿಟ್ ದರ ಕಟ್ಟುವಾಗ ಆ ನಷ್ಟವೂ ಲೆಕ್ಕಕ್ಕೆ ಸೇರುತ್ತದೆ, ಕೊನೆಗೆ ಕೊಡುವವರು ನಾವೇ. ಇನ್ವರ್ಟರ್ ಆಫ್ ಆಗಿ ಹೋದ ಯೂನಿಟ್ಟಂತೂ ನೇರ ನಿಮ್ಮದೇ.

ಸಂಜೆಯ ನಷ್ಟಕ್ಕೆ ಬ್ಯಾಟರಿ ಇಲ್ಲದ ಸೋಲಾರ್ ಏನೂ ಮಾಡಲಾರದು, ಅದನ್ನೂ ಹೇಳಿಬಿಡುತ್ತೇವೆ. ನಿಮ್ಮ ಕೈಯಲ್ಲಿರುವುದು ಒಂದೇ: ಟ್ಯಾಂಕಿಗೆ ನೀರು ಹತ್ತಿಸುವುದು, ವಾಷಿಂಗ್ ಮೆಷಿನ್, ಗ್ರೈಂಡರ್, ಇವನ್ನು ಹನ್ನೊಂದರಿಂದ ಮೂರರ ಒಳಗೆ ಮುಗಿಸಿಕೊಳ್ಳಿ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ರೇಟು ಬದಲಾಗುವುದಿಲ್ಲ. ಲೈನ್ ನೋಡಿದ ಮೇಲೆ ಬೇಡ ಅನ್ನಿಸಿದರೆ ಪೂರ್ತಿ ದುಡ್ಡು ವಾಪಸ್. ಹಿಂದೆ ನಮ್ಮಲ್ಲಿ ಹಾಕಿಸಿಕೊಂಡವರು ಇನ್ವರ್ಟರ್ ಪರದೆಯಲ್ಲಿ ಓವರ್ ವೋಲ್ಟೇಜ್ ಅಂತ ಬರುತ್ತಿದ್ದರೆ ಅದರ ಫೋಟೊ, ಬಂದ ಸಮಯ ಎರಡೂ ಕಳಿಸಿ. ಡಬ್ಬಿ ತಂದು ಇಡುತ್ತೇವೆ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಮಾತ್ರ ಫೋನ್ ಮಾಡಬೇಡಿ, ಆ ಹೊತ್ತಿನಲ್ಲಿ ನಾವೆಲ್ಲ ಯಾರದೋ ಮೀಟರ್ ಬೋರ್ಡ್ ಮುಂದೆ ಇರುತ್ತೇವೆ.

ಇಂತಿ ನಿಮ್ಮ,
ಸೋಲಾರ್ ಅಂಗಡಿಯವರು, ತಿಪಟೂರು