ನನ್ನ ವಿದ್ಯಾರ್ಥಿಗಳಿಗೂ ಸಹೋದ್ಯೋಗಿಗಳಿಗೂ ಸಲ್ಲಬೇಕಾದ ಕೃತಜ್ಞತೆ

ಬಾಗಲಕೋಟೆ ಜಿಲ್ಲೆಯ ಕಾನೂನು ಕಾಲೇಜೊಂದರಲ್ಲಿ ವೃತ್ತಿಜೀವನದ ಬಹುಭಾಗವನ್ನು ಕಳೆದು ಈ ಬೇಸಿಗೆಯಲ್ಲಿ ನಾನು ನಿವೃತ್ತಿ ಹೊಂದಿದೆ. ಜಮಖಂಡಿ, ಮುಧೋಳ, ಬೀಳಗಿ, ಹುನಗುಂದ, ಬಾದಾಮಿಯ ನ್ಯಾಯಾಲಯಗಳಲ್ಲಿ ಅಂದಿನ ಕೆಲಸ ಮುಗಿಸಿ, ಕೆಲವರಂತೂ ಕರಿ ಕೋಟಿನಲ್ಲಿಯೇ, ಹಳೆಯ ವಿದ್ಯಾರ್ಥಿಗಳು ಬೀಳ್ಕೊಡುಗೆಗೆ ಬಂದಿದ್ದರು. ಸಭೆಯಲ್ಲಿ ಹೇಳಲು ಸಮಯ ಸಾಲದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರಲ್ಲಿ ಹಲವರು ಈಗ ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರು. ಅವರ ಹುದ್ದೆಯ ಮರ್ಯಾದೆಗಾಗಿ ಹೆಸರು ಬರೆಯುವಂತಿಲ್ಲ. ಅವರನ್ನು ಬಿಟ್ಟು ಉಳಿದವರನ್ನಷ್ಟೇ ಹೆಸರಿಸುವುದು ಸರಿಯಲ್ಲವೆನಿಸಿದ್ದರಿಂದ ಯಾರ ಹೆಸರನ್ನೂ ಬರೆದಿಲ್ಲ. ಓದುವವರಿಗೆ ತಮ್ಮ ತಮ್ಮ ಗುರುತು ಸಿಕ್ಕೇ ಸಿಗುತ್ತದೆ.

ಮೊದಲ ನಮಸ್ಕಾರ ನನಗೆ ಕಲಿಸಿದವರಿಗೆ. ನಾನು ಓದಿದ್ದು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ. 1939ರಲ್ಲಿ ಆರಂಭವಾದ ಆ ಕಾಲೇಜಿನಲ್ಲಿ ನಮಗಿಂತ ಬಹಳ ಹಿಂದೆ ಓದಿದ್ದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಅಲ್ಲಿಯೇ ಓದಿದ ಕೆ.ಕೆ. ವೇಣುಗೋಪಾಲರು 2017ರಿಂದ 2022ರವರೆಗೆ ದೇಶದ ಅಟಾರ್ನಿ ಜನರಲ್ ಆಗಿದ್ದರು. ನಮ್ಮ ಅಧ್ಯಾಪಕರು ಇಂಥ ಹೆಸರುಗಳನ್ನು ಹೇಳಿ ಹೆಮ್ಮೆಪಟ್ಟು ಸುಮ್ಮನಾಗುತ್ತಿರಲಿಲ್ಲ, ತೀರ್ಪುಗಳನ್ನು ಕೈಗೆ ಕೊಟ್ಟು ಓದಿಸುತ್ತಿದ್ದರು. ಗಂಗಾ ಮಾಲಿನ್ಯದ ಮೊಕದ್ದಮೆಯಲ್ಲಿ ವೆಂಕಟರಾಮಯ್ಯನವರು 1988ರ ಜನವರಿಯಲ್ಲಿ ನೀಡಿದ ತೀರ್ಪು, ಶಾಲೆಯ ಮೊದಲ ಹತ್ತು ತರಗತಿಗಳಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಪರಿಸರದ ಪಾಠ ನಡೆಯಬೇಕೆಂದು ಸೂಚಿಸಿದ ಆ ತೀರ್ಪು, ನಮಗೆ ಹಳೆಯ ದಾಖಲೆಯಾಗಿರಲಿಲ್ಲ, ಆ ದಿನಗಳ ಸುದ್ದಿಯೇ ಆಗಿತ್ತು. ನಮ್ಮದೇ ಬೆಂಚುಗಳಲ್ಲಿ ಕುಳಿತು ಹೋದವರೊಬ್ಬರು ಇದನ್ನು ಬರೆದರೆಂಬ ಅರಿವು ಹಳ್ಳಿಯಿಂದ ಬಂದ ಹುಡುಗರಿಗೆ ಎಂಥ ಧೈರ್ಯ ಕೊಡುತ್ತದೆಂಬುದನ್ನು ನಾನು ಮುಂದೆ ನನ್ನ ವಿದ್ಯಾರ್ಥಿಗಳ ಮುಖದಲ್ಲಿಯೂ ಕಂಡಿದ್ದೇನೆ. ವೆಂಕಟರಾಮಯ್ಯನವರ ಮಗಳು ಬಿ.ವಿ. ನಾಗರತ್ನ ಅವರು 2021ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದಾಗ ನಮ್ಮ ವಿದ್ಯಾರ್ಥಿನಿಯರು ಸೂಚನಾ ಫಲಕದಲ್ಲಿ ಪತ್ರಿಕೆಯ ಆ ಪುಟವನ್ನು ಅಂಟಿಸಿ, ಅದು ಹಳದಿಯಾಗುವವರೆಗೂ ತೆಗೆಯಲು ಬಿಡಲಿಲ್ಲ.

ಇನ್ನು ಕನ್ನಡದಲ್ಲಿ ಪರೀಕ್ಷೆ ಬರೆದ ವಿದ್ಯಾರ್ಥಿಗಳ ಮಾತು. ನಮ್ಮ ಕಾಲೇಜು ಸಂಯೋಜನೆಗೊಂಡಿರುವ, 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯಲ್ಲಿಯೇ, ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಬೇಕೆಂಬ ಸೂಚನೆ ಇರುತ್ತದೆ. ಆ ಒಂದು ಸಾಲನ್ನು ನಂಬಿಕೊಂಡು, ಇಂಗ್ಲಿಷ್ ಪಠ್ಯಗಳನ್ನು ಓದಿ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡು, ಸಂವಿಧಾನದಿಂದ ಹಿಡಿದು ಸಾಕ್ಷ್ಯ ಕಾಯಿದೆಯವರೆಗೆ ಎಲ್ಲವನ್ನೂ ತಮ್ಮ ಭಾಷೆಯಲ್ಲಿ ವಾದಿಸಲು ಕಲಿತ ಮಕ್ಕಳು ನನಗೆ ಕಲಿಸಿದ್ದು ಬಹಳ. ಕಲಂ ಒಂದನ್ನು ಮುಧೋಳದ ರೈತನಿಗೆ ತಿಳಿಯುವಂತೆ ಹೇಳಲಾಗದಿದ್ದರೆ ಅದು ನನಗೂ ಇನ್ನೂ ಪೂರ್ತಿ ತಿಳಿದಿಲ್ಲವೆಂದೇ ಅರ್ಥವೆಂಬುದನ್ನು ಅವರ ಪ್ರಶ್ನೆಗಳು ನನಗೆ ಮನಗಾಣಿಸಿದವು. ಅವರಲ್ಲೊಬ್ಬಳು ಈ ವರ್ಷ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಆಯ್ಕೆಯಾಗಿದ್ದಾಳೆ. ಆ ಮುಖ್ಯ ಪರೀಕ್ಷೆಯಲ್ಲಿ ಅನುವಾದಕ್ಕೆಂದೇ ಪ್ರತ್ಯೇಕ ಪತ್ರಿಕೆಯಿದ್ದು, ಸಾಕ್ಷಿಗಳ ಹೇಳಿಕೆ, ದಾಖಲೆ, ತೀರ್ಪುಗಳನ್ನು ಎರಡೂ ಭಾಷೆಗಳ ನಡುವೆ ದಾಟಿಸಬೇಕಾಗುತ್ತದೆ. ಕಾಲೇಜಿನ ದಿನಗಳುದ್ದಕ್ಕೂ ತಾನು ಮಾಡಿದ್ದು ಇದನ್ನೇ ಎಂದು ಆಕೆ ದೂರವಾಣಿಯಲ್ಲಿ ಹೇಳಿದಾಗ ನನಗೆ ಮಾತು ಹೊರಡಲಿಲ್ಲ.

ನಮ್ಮ ಕಾಲೇಜಿನ ಸಾಧನೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಕಾನೂನು ನೆರವು ಘಟಕವನ್ನು. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ಜಿಲ್ಲೆಯ ಹೊಲ, ಮನೆ, ಗುಡಿಗಳನ್ನು ನುಂಗಿತು. ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ ಜನ ನವನಗರಕ್ಕೆ ಬಂದರು. ಪರಿಹಾರದ ಐತೀರ್ಪು, ಅಂದರೆ ಪರಿಹಾರದ ಮೊತ್ತ ನಿಗದಿ ಮಾಡಿದ ಆದೇಶ, ಕೈಗೆ ಬಂದಾಗ ಅದರ ವಿರುದ್ಧ 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮಿನಡಿ ನ್ಯಾಯಾಲಯಕ್ಕೆ ಹೋಗಬಹುದೆಂಬುದು ಅನೇಕ ಕುಟುಂಬಗಳಿಗೆ ತಿಳಿದದ್ದು ಗಡುವು ಮುಗಿದ ಮೇಲೆ. ಅಂಥವರಿಗೂ 28ಎ ಕಲಮಿನಲ್ಲಿ ಒಂದು ದಾರಿ ಇತ್ತು: ಅದೇ ಅಧಿಸೂಚನೆಯಡಿ ಜಮೀನು ಕಳೆದುಕೊಂಡ ಇನ್ನೊಬ್ಬರಿಗೆ ನ್ಯಾಯಾಲಯ ಹೆಚ್ಚಿನ ಪರಿಹಾರ ಕೊಟ್ಟರೆ, ಆ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಿ ತಮಗೂ ಅದೇ ದರವನ್ನು ಕೇಳಬಹುದಿತ್ತು. ನಮ್ಮ ವಿದ್ಯಾರ್ಥಿಗಳು ನ್ಯಾಯಾಲಯದ ತೀರ್ಪುಗಳ ಪಟ್ಟಿ ಹಿಡಿದು ಪುನರ್ವಸತಿ ಕೇಂದ್ರಗಳಿಗೆ ಹೋಗಿ, ಸರ್ವೆ ನಂಬರು ಹೊಂದಿಸಿ, ಮೂರು ತಿಂಗಳು ಇನ್ನೂ ಮುಗಿಯದವರ ಮನೆ ಬಾಗಿಲಿಗೆ ಸುದ್ದಿ ಮುಟ್ಟಿಸಿದರು. ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 30ರ ಸೊಲೇಷಿಯಂ (ಒತ್ತಾಯದ ಸ್ವಾಧೀನಕ್ಕಾಗಿ ಕೊಡುವ ಸಾಂತ್ವನದ ಹಣ), ಶೇಕಡಾ 12ರ ಹೆಚ್ಚುವರಿ ಮೊತ್ತ, ಮೊದಲ ವರ್ಷಕ್ಕೆ ಶೇಕಡಾ 9 ಮತ್ತು ಅನಂತರ ಶೇಕಡಾ 15ರಂತೆ ಬಡ್ಡಿ ಎಂಬ ಲೆಕ್ಕವನ್ನು ಜಗಲಿಯ ಮೇಲೆ ಕುಳಿತು ಅಜ್ಜಂದಿರಿಗೆ ಬಿಡಿಸಿ ಹೇಳಿದವರು ಇನ್ನೂ ಪದವಿಯನ್ನೇ ಪಡೆಯದ ಹುಡುಗ ಹುಡುಗಿಯರು. ಆ ತಂಡದ ಹಲವರು ಇಂದು ಜಿಲ್ಲೆಯ ಭೂಸ್ವಾಧೀನ ಮೊಕದ್ದಮೆಗಳಲ್ಲಿ ಹೆಸರು ಮಾಡಿದ ವಕೀಲರು. ಕೃಷ್ಣಾ ನದಿಯ ನೀರನ್ನು ರಾಜ್ಯಗಳಿಗೆ ಹಂಚುವ ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದ್ದರಿಂದ ಮತ್ತಷ್ಟು ಹಳ್ಳಿಗಳ ಜಮೀನಿನ ಪ್ರಶ್ನೆ ಎದ್ದಿದೆ, 1894ರ ಕಾಯಿದೆಯ ಜಾಗಕ್ಕೆ 2013ರ ಹೊಸ ಭೂಸ್ವಾಧೀನ ಕಾಯಿದೆಯೂ ಬಂದಿದೆ. ಇಂದಿನ ವಿದ್ಯಾರ್ಥಿಗಳಿಗೆ ಅದನ್ನು ಹೇಳಿಕೊಡಲು ಅದೇ ಹಳೆಯ ವಿದ್ಯಾರ್ಥಿಗಳು ಶನಿವಾರಗಳಂದು ಸಂಭಾವನೆಯಿಲ್ಲದೆ ಬರುತ್ತಿದ್ದಾರೆ. ಅವರಿಗೆ ನನ್ನ ಕೃತಜ್ಞತೆ ಎಷ್ಟು ಹೇಳಿದರೂ ಕಡಿಮೆಯೇ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಅತ್ಯಂತ ಕಷ್ಟವೆನಿಸಿದ್ದು 2024ರ ಜುಲೈ 1ರ ಬದಲಾವಣೆ. ಅಂದಿನಿಂದ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯಿದೆ ಮೂರರ ಜಾಗಕ್ಕೂ ಹೊಸ ಕಾಯಿದೆಗಳು ಬಂದವು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಹುದಾಗಿದ್ದ, ಕೊಲೆಯ ಶಿಕ್ಷೆಯ ಕಲಂ 302 ಈಗ ನ್ಯಾಯ ಸಂಹಿತೆಯ 103. ಹೆಂಡತಿ ಮಕ್ಕಳ ಜೀವನಾಂಶದ 125 ಈಗ ನಾಗರಿಕ ಸುರಕ್ಷಾ ಸಂಹಿತೆಯ 144. ಆ ಜುಲೈ 1ಕ್ಕೂ ಹಿಂದಿನ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ವಿದ್ಯಾರ್ಥಿ ಎರಡನ್ನೂ ಕಲಿಯಬೇಕು, ಅಧ್ಯಾಪಕ ಎರಡನ್ನೂ ಕಲಿಸಬೇಕು. ಆ ಬೇಸಿಗೆಯ ರಜೆಯಲ್ಲಿ ನನಗಿಂತ ಬಹಳ ಕಿರಿಯರಾದ ಇಬ್ಬರು ಸಹೋದ್ಯೋಗಿಗಳು ಹಳೆಯ ಮತ್ತು ಹೊಸ ಕಲಮುಗಳನ್ನು ಎದುರು ಬದುರಾಗಿಟ್ಟು, ಎಲ್ಲಿ ಪದವಷ್ಟೇ ಬದಲಾಗಿದೆ, ಎಲ್ಲಿ ತತ್ತ್ವವೇ ಬದಲಾಗಿದೆ ಎಂಬುದನ್ನು ಕನ್ನಡದಲ್ಲಿ ಬರೆದು, ಆ ಟಿಪ್ಪಣಿಯನ್ನು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ವಕೀಲರ ಸಂಘಕ್ಕೂ ಹಂಚಿದರು. ಪಿಎಚ್.ಡಿ. ಪಡೆದವರನ್ನು ಸನ್ಮಾನಿಸುವಂತೆಯೇ (ಈ ವರ್ಷ ನಮ್ಮಲ್ಲಿ ಒಬ್ಬರು ಮುಳುಗಡೆ ಸಂತ್ರಸ್ತರ ಪುನರ್ವಸತಿಯ ಕುರಿತು ಪಡೆದಿದ್ದಾರೆ, ಅವರಿಗೆ ಹಾರ್ದಿಕ ಅಭಿನಂದನೆ) ಇಂಥ ಬರವಣಿಗೆಯನ್ನೂ ಕಾಲೇಜುಗಳು ಪಾಂಡಿತ್ಯವೆಂದು ಮನ್ನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವರ್ಷದ ವಿದ್ಯಾರ್ಥಿಗಳಲ್ಲಿ ಮೂವರು ಅಂತರ ಕಾಲೇಜು ಅಣಕು ನ್ಯಾಯಾಲಯ ಸ್ಪರ್ಧೆಯ ಅಂತಿಮ ಸುತ್ತು ತಲುಪಿದರು. ಬೆಂಗಳೂರು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ತಂಡಗಳು 1999ರಲ್ಲಿ ಹಾಗೂ 2013ರಲ್ಲಿ ಜೆಸಪ್ ಎಂಬ ವಿಶ್ವಮಟ್ಟದ ಅಣಕು ನ್ಯಾಯಾಲಯ ಸ್ಪರ್ಧೆಯನ್ನು ಗೆದ್ದಾಗ ನಾವೆಲ್ಲ ನಮ್ಮ ಮಕ್ಕಳೇ ಗೆದ್ದಂತೆ ಸಂತೋಷಪಟ್ಟಿದ್ದೆವು. ಈಗ ನಮ್ಮ ಮಕ್ಕಳ ಸಂತೋಷವನ್ನು ಅಷ್ಟೇ ಅಭಿಮಾನದಿಂದ ಎಲ್ಲರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ಪರೀಕ್ಷೆಯ ದಿನಗಳಲ್ಲಿ ರಾತ್ರಿಯವರೆಗೂ ಬಾಗಿಲು ತೆರೆದಿಟ್ಟ ಗ್ರಂಥಪಾಲಕರು, ವಿದ್ಯಾರ್ಥಿಗಳಿಗೆ ಕಡತ ಓದುವ ಕ್ರಮವನ್ನು ಸಹನೆಯಿಂದ ತೋರಿಸಿದ ವಕೀಲರ ಗುಮಾಸ್ತರು, ನನ್ನ ಸಂಜೆಗಳನ್ನು ಕಾಲೇಜಿಗೆ ಬಿಟ್ಟುಕೊಟ್ಟ ಮನೆಯವರು, ಎಲ್ಲರಿಗೂ ನಮಸ್ಕಾರ.

ಹಳೆಯ ವಿದ್ಯಾರ್ಥಿಗಳ ಸಂಘ ಬೀಳ್ಕೊಡುಗೆಯ ದಿನ ನನಗೆ ನೀಡಿದ ನಿಧಿಯ ವಿಚಾರವನ್ನೂ ತಿಳಿಸಬೇಕು. ಪದವಿ ಮುಗಿಸಿದ ಬಡ ವಿದ್ಯಾರ್ಥಿಗಳ ವಕೀಲಿ ನೋಂದಣಿ ಶುಲ್ಕವನ್ನು ಈ ಸಂಘ ಹಲವು ವರ್ಷ ಸದ್ದಿಲ್ಲದೆ ಭರಿಸಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, 1961ರ ವಕೀಲರ ಕಾಯಿದೆಯಲ್ಲಿ ನಿಗದಿಯಾದ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಹಾಗೂ ಪಂಗಡದವರಾದರೆ 125 ರೂಪಾಯಿಗಿಂತ, ಹೆಚ್ಚು ಶುಲ್ಕವನ್ನು ನೋಂದಣಿಗೆ ಪಡೆಯುವಂತಿಲ್ಲವೆಂದು ತೀರ್ಪು ನೀಡಿದ ಮೇಲೆ ಆ ಹೊರೆ ಬಹುಮಟ್ಟಿಗೆ ಇಳಿಯಿತು. ಆದರೆ ನೋಂದಣಿಯ ನಂತರದ ಮೊದಲ ಎರಡು ಮೂರು ವರ್ಷಗಳೇ ನಿಜವಾದ ಕಷ್ಟಕಾಲ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು ಅದೇ ವರ್ಷದ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ. ತಾಲ್ಲೂಕಿನ ಹಿರಿಯ ವಕೀಲರಲ್ಲಿ ಎಲ್ಲರಿಗೂ ಅದು ಸಾಧ್ಯವಿಲ್ಲ. ಪ್ರತಿಭೆಯಿದ್ದೂ ಮನೆಯ ಖರ್ಚಿಗೆ ಹೆದರಿ ಕೋಟು ಕಳಚಿಟ್ಟ ಹುಡುಗಿಯರನ್ನು ನಾನು ಬಲ್ಲೆ. ಆದ್ದರಿಂದ ಸಂಘದ ಒಪ್ಪಿಗೆ ಪಡೆದು ಆ ನಿಧಿಯನ್ನು ಪೂರ್ತಿಯಾಗಿ ಸಂಘಕ್ಕೇ ಮರಳಿಸಿದ್ದೇನೆ. ತಾಲ್ಲೂಕು ನ್ಯಾಯಾಲಯಗಳಲ್ಲಿ ಹಿರಿಯರ ಕೈಕೆಳಗೆ ಕೆಲಸ ಕಲಿಯುತ್ತಿರುವ ನಮ್ಮ ಹೊಸ ಪದವೀಧರರಿಗೆ ಅದರಿಂದ ತಿಂಗಳ ನೆರವು ಸಲ್ಲುತ್ತದೆ, ಕುಟುಂಬದಲ್ಲಿ ಮೊದಲ ಬಾರಿಗೆ ವಕೀಲಿ ವೃತ್ತಿಗೆ ಬಂದ ಹೆಣ್ಣುಮಕ್ಕಳ ಅರ್ಜಿಗಳಿಗೆ ಮೊದಲ ಆದ್ಯತೆ. ಅರ್ಜಿ ನಮೂನೆ ಕಾಲೇಜಿನ ಕಚೇರಿಯಲ್ಲಿ ದೊರೆಯುತ್ತದೆ. ಆಯ್ಕೆ ಸಮಿತಿಯಲ್ಲಿ ಕುಳಿತುಕೊಳ್ಳಲು ಒಪ್ಪಿದ ಜಮಖಂಡಿ ಮತ್ತು ಹುನಗುಂದದ ಹಳೆಯ ವಿದ್ಯಾರ್ಥಿಗಳಿಗೆ ಮುಂಗಡವಾಗಿ ಧನ್ಯವಾದ ಸಲ್ಲಿಸುತ್ತೇನೆ.