ನರಗುಂದದ ಕತ್ತಿಗೆ ಹುಣಸೆಹಣ್ಣು ಹಚ್ಚಬೇಡಿ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಗದಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಸನ್ಮಾನ್ಯರೇ, ಬ್ರಿಟಿಷರ ವಿರುದ್ಧ ನಡೆದ 1858ರ ಬಂಡಾಯದ ವಸ್ತುಸಂಗ್ರಹಾಲಯ ನರಗುಂದದಲ್ಲಿ ಆಗಲಿ ಎನ್ನುವವರಲ್ಲಿ ನಾವೂ ಇದ್ದೇವೆ. ಆದರೆ ಅನುದಾನ ಬಂದಾಗ ಮೊದಲು ಕಮಾನು, ಆಮೇಲೆ ಫೈಬರ್ ಪ್ರತಿಮೆ, ಉಳಿದದ್ದು ವಸ್ತುಗಳಿಗೆ ಅನ್ನುವ ಲೆಕ್ಕ ಬೇಡ. ಪ್ರತಿಮೆ ಯಾವಾಗ ಬೇಕಾದರೂ ಆದೀತು.

ಉದ್ಘಾಟನೆ ಹತ್ತಿರ ಬಂದಾಗ ಕತ್ತಿಗಳನ್ನು ಹುಣಸೆಹಣ್ಣು, ಉಸುಕು ಹಾಕಿ ತಿಕ್ಕಿಸುವ ಉತ್ಸಾಹ ಹುಟ್ಟುತ್ತದೆ. ಹುಳಿ ತುಕ್ಕಿನ ಜೊತೆ ಲೋಹವನ್ನೂ ತಿನ್ನುತ್ತದೆ, ಅಲಗಿನ ಮೇಲಿನ ಅಕ್ಷರ, ಮುದ್ರೆ ಹೋಗಿಬಿಡುತ್ತವೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು ಮೈಕ್ರೋಕ್ರಿಸ್ಟಲಿನ್ ಮೇಣವನ್ನು (ಲೋಹಕ್ಕೆ ಗಾಳಿ, ತೇವ ತಾಗದಂತೆ ತಡೆಯುವ ಮೇಣ) ತೆಳ್ಳಗೆ ಸವರಿದರೆ ಸಾಕು. ಬರಿಗೈಯಲ್ಲಿ ಹಿಡಿದರೆ ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಸೀಸದ ಗುಂಡುಗಳನ್ನಂತೂ ಪ್ಲೈವುಡ್ ಕಪಾಟಿನಲ್ಲಿ ಇಡಲೇಬೇಡಿ; ಅದು ಬಿಡುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ. ಪೌಡರ್ ಕೋಟಿಂಗ್ ಮಾಡಿದ ಸ್ಟೀಲ್ ಮತ್ತು ಗಾಜು ಒಳ್ಳೆಯದು.

ಹಳೆಯ ಕಾಗದಕ್ಕೆ ಲ್ಯಾಮಿನೇಷನ್, ಸೆಲೋಟೇಪ್ ಎರಡೂ ವರ್ಜ್ಯ. ಬಟ್ಟೆ, ಕಾಗದದ ಮೇಲೆ ಬೆಳಕು 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ದಾಟಬಾರದು. ಮಂಕಾಗಿದೆ ಎಂದು ಜನ ಗೊಣಗುತ್ತಾರೆ, ಗೊಣಗಲಿ. ಹಗಲು ನಡೆಸಿ ರಾತ್ರಿ ಆರಿಸುವ ಏಸಿಗಿಂತ ಏಸಿ ಇಲ್ಲದಿರುವುದೇ ಲೇಸು: ತೇವ ದಿನವೂ ಏರಿಳಿದರೆ ಕಟ್ಟಿಗೆ ಬಿರಿಯುತ್ತದೆ, ಕಾಗದ ಸೊಟ್ಟಗಾಗುತ್ತದೆ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಒಂದು ತೇವಮಾಪಕ ಇರಲಿ. ಮಳೆಗಾಲದಲ್ಲಿ ಜೆಲ್ ಬೇಗ ತೇವ ಹೀರಿಕೊಳ್ಳುತ್ತದೆ, ಆಗಾಗ ಒಣಗಿಸಿ ಇಡುವ ಹೊಣೆ ಒಬ್ಬರ ಮೇಲಿರಬೇಕು.

ಇನ್ನು ಫಲಕದ ಬರಹ. ನರಗುಂದದ ಅರಸ ಬಾಬಾಸಾಹೇಬ ಭಾವೆಯವರಿಗೆ ಈಸ್ಟ್ ಇಂಡಿಯಾ ಕಂಪನಿ ದತ್ತು ನಿರಾಕರಿಸಿದ್ದು, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಕೊಲೆ, ಅವನ ತಲೆಯನ್ನು ನರಗುಂದದ ಬಾಗಿಲಿಗೆ ತೂಗುಹಾಕಿದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು, ಎಲ್ಲವೂ ಬರಲಿ. ಶಾಲಾ ಮಕ್ಕಳು ಬರುತ್ತಾರೆಂದು ತಲೆಯ ಸಂಗತಿ ಬಿಡುವುದು ಬೇಡ. ಅದಿಲ್ಲದೆ ಕಂಪನಿಯ ಸಿಟ್ಟೇ ಅರ್ಥವಾಗದು. ಅದೇ ಬಂಡಾಯದಲ್ಲಿ ಸೆಣಸಿದ ಮುಂಡರಗಿ ಭೀಮರಾಯರನ್ನು ಮೂಲೆಯ ಒಂದು ಚಿತ್ರಕ್ಕೆ ಇಳಿಸಬೇಡಿ. ಕೊಪ್ಪಳದ ಕೋಟೆ ಹಿಡಿದು ಅಲ್ಲೇ ಮಡಿದ ಅವರ ಕಥೆಗೆ ಒಂದು ಪೂರ್ತಿ ಗೋಡೆ ಬೇಕು. ಇದೇ ನರಗುಂದದಲ್ಲಿ ನಡೆದ 1980ರ ರೈತ ಬಂಡಾಯವನ್ನು ಇದರೊಳಗೆ ತುರುಕುವುದೂ ಸರಿಯಲ್ಲ, ಅದಕ್ಕೆ ಬೇರೆ ಕೋಣೆಯೇ ಇರಲಿ.

ಟೆಂಡರ್ ಕರೆಯುವ ಮೊದಲು ದಾಖಲೆ ಪುಸ್ತಕ ತೆರೆಸಿ. ಪ್ರತಿ ವಸ್ತುವಿಗೆ ಸಂಖ್ಯೆ, ಅಳತೆ, ನಾಲ್ಕು ದಿಕ್ಕಿನ ಫೋಟೊ, ಕೊಟ್ಟ ಮನೆತನದ ಹೆಸರು, ಕೊಡುಗೆಯೋ ಎರವಲೋ ಎಂಬ ಸಹಿ ಬೇಕು. ಸಂಖ್ಯೆಯನ್ನು ಅಲಗಿನ ಮೇಲೆ ಕೊರೆಯದೆ ದಾರದ ಚೀಟಿಯಲ್ಲಿ ಬರೆದು ಕಟ್ಟಬೇಕು. ತರಬೇತಾದ ಸಂರಕ್ಷಕರ ಒಂದು ಕಾಯಂ ಹುದ್ದೆ ಮಂಜೂರಾಗುವವರೆಗೆ ಊರವರಿಂದ ಒಂದು ವಸ್ತುವನ್ನೂ ಪಡೆಯಬೇಡಿ.

ಇಂತಿ,
ನರಗುಂದ ಸೀಮೆಯ ಇತಿಹಾಸಾಸಕ್ತರು